ಸಣ್ಣ ವಿಮಾನ, ದೊಡ್ಡ ಗೇಟು

(ಅಜ್ಜಂಪುರದ ಹತ್ತಿರದ ಅಂತರಘಟ್ಟೆಯ ಒಂದು ಮನೆ. ಮಾತಾಡುವವರು ಇಬ್ಬರು. ಒಬ್ಬರು ಸಿಐಎಸ್‌ಎಫ್‌ನಲ್ಲಿದ್ದು, ವಿಮಾನ ನಿಲ್ದಾಣಗಳಲ್ಲಿ ಕಾವಲು ಕಾದು, ನಿವೃತ್ತರಾಗಿ ಈಗ ಅಡಿಕೆ ತೋಟ ನೋಡಿಕೊಂಡಿರುವ ದೊಡ್ಡಪ್ಪ. ಇನ್ನೊಬ್ಬಳು ಪೈಲಟ್ ಲೈಸೆನ್ಸ್‌ಗಾಗಿ ಕಲಿಯುತ್ತಿರುವ, ಅವರ ತಮ್ಮನ ಮಗಳು. ದುರ್ಗಾಂಬೆಯ ಜಾತ್ರೆಗೆಂದು ಊರಿಗೆ ಬಂದಿದ್ದಾಳೆ.)

ಹುಡುಗಿ: ದೊಡ್ಡಪ್ಪ, ನಿಮ್ಮ ಇಲಾಖೆಯವರಿಗೆ ಸಣ್ಣ ವಿಮಾನ ಹಾರಿಸೋರನ್ನ ಕಂಡರೆ ಯಾಕಿಷ್ಟು ಅನುಮಾನ?

ದೊಡ್ಡಪ್ಪ: ನಮಗೆ ಎಲ್ಲರ ಮೇಲೂ ಅನುಮಾನ ಕಣವ್ವ. ಸಂಬಳ ಕೊಡ್ತಿದ್ದದ್ದೇ ಅದಕ್ಕೆ. ಏನಾಯ್ತು ಹೇಳು.

ಹುಡುಗಿ: ಹೋದ ತಿಂಗಳು ನಮ್ಮ ಇನ್‌ಸ್ಟ್ರಕ್ಟರ್ ಜೊತೆ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಇಳಿದೆವು. ಯಾವುದು ಅಂತ ಬೇಡ ಬಿಡಿ. ದಿನಕ್ಕೆ ಎರಡೋ ಮೂರೋ ವಿಮಾನ ಬಂದುಹೋಗೋ ಜಾಗ. ಹೊರಗೆ ಹೋಗಿ ಊಟ ಮಾಡಿ ಬರೋಷ್ಟರಲ್ಲಿ ನಮ್ಮ ವಿಮಾನದ ಹತ್ತಿರ ನಮ್ಮನ್ನೇ ಬಿಡಲಿಲ್ಲ. ನಮ್ಮಂಥವರಿಗೆ ಬೇರೆ ಬಾಗಿಲೇ ಇಲ್ಲ. ಪ್ರಯಾಣಿಕರ ಸಾಲಿನಲ್ಲಿ ಬನ್ನಿ ಅಂದರು. ಸರಿ, ಬಂದೆವು. ಟ್ಯಾಂಕಿನಲ್ಲಿ ಇಂಧನಕ್ಕೆ ನೀರು ಸೇರಿದೆಯಾ ಅಂತ ನೋಡೋಕೆ ಒಂದು ಪ್ಲಾಸ್ಟಿಕ್ ಕಪ್ಪು ಇಟ್ಟುಕೊಂಡಿರ್ತೀವಿ, ಅದರ ತುದಿಗೆ ಒಂದು ಪುಟ್ಟ ಸ್ಕ್ರೂಡ್ರೈವರ್ ಇರುತ್ತೆ. ಅದನ್ನ ಕಿತ್ತುಕೊಂಡರು. ಹಾರೋ ಮೊದಲು ಇಂಧನ ಪರೀಕ್ಷೆ ಮಾಡದೆ ಇದ್ದರೆ ತಪ್ಪು. ಪರೀಕ್ಷೆ ಮಾಡೋ ಸಾಮಾನು ಇಟ್ಟುಕೊಂಡರೂ ತಪ್ಪು. ಇಡೀ ವಿಮಾನವೇ ನನ್ನ ಕೈಗೆ ಬರ್ತಿರುವಾಗ ಸ್ಕ್ರೂಡ್ರೈವರ್ ಹಿಡಿದು ಯಾರನ್ನ ಹೆದರಿಸಲಿ? ನನ್ನನ್ನೇ?

ದೊಡ್ಡಪ್ಪ: ನಿನ್ನನ್ನಲ್ಲ, ಪಕ್ಕದಲ್ಲಿ ನಿಂತಿರೋನನ್ನ. ಆ ಅಂಗಳದಲ್ಲಿ ನಿಮ್ಮ ಸೆಸ್ನಾ ಒಂದೇ ನಿಂತಿರಲ್ಲ. ನೂರು ಹೆಜ್ಜೆ ಆಚೆಗೆ ಎಪ್ಪತ್ತು ಜನ ಕೂರೋ ಎಟಿಆರ್ ನಿಂತಿರ್ತದೆ. ಅದಕ್ಕೆ ಹತ್ತೋ ಎಪ್ಪತ್ತು ಜನರನ್ನೂ ತಡಕಿ ಒಳಗೆ ಬಿಟ್ಟಿರ್ತೀವಿ. ನಿನ್ನನ್ನ ತಡಕದೆ ಬಿಟ್ಟರೆ, ನೀನು ನಡೆದುಹೋಗಿ ಅವರಲ್ಲೊಬ್ಬನ ಕೈಗೆ ಏನೋ ಕೊಟ್ಟುಬಂದರೆ, ಆ ಎಪ್ಪತ್ತು ತಪಾಸಣೆಯೂ ದಂಡ. ನಾವು ನಿನ್ನ ವಿಮಾನವನ್ನ ನಿನ್ನಿಂದ ಕಾಯ್ತಿಲ್ಲ, ಅವರ ವಿಮಾನವನ್ನ ಕಾಯ್ತಿದೀವಿ.

ಹುಡುಗಿ: ಈ ಮಾತು ಒಪ್ತೀನಿ. ಹಾಗಾದರೆ ಎರಡು ವಿಮಾನಗಳ ನಡುವೆ ಒಂದು ಬೇಲಿ ಹಾಕಿ, ನಮಗೊಂದು ಬೇರೆ ಗೇಟು ಕೊಡಿ. ಪ್ರಶ್ನೆ ಅಲ್ಲಿಗೇ ಮುಗಿಯುತ್ತಲ್ಲ?

ದೊಡ್ಡಪ್ಪ: ಬೇರೆ ಗೇಟು ಅಂದರೆ ಬೇರೆ ಜನ, ಬೇರೆ ಯಂತ್ರ, ಮೂರು ಪಾಳಿ. ಎರಡು ವಿಮಾನ ಬರೋ ಜಾಗದಲ್ಲಿ ಅದರ ಖರ್ಚು ಯಾರು ಕೊಡ್ತಾರೆ? ಅದಿರಲಿ. ನಿಯಮಗಳು ಯಾರದೋ ಹಟಕ್ಕೆ ಬಂದವಲ್ಲ ಅನ್ನೋದು ಮೊದಲು ತಿಳಕೋ. 1976ರ ಸೆಪ್ಟೆಂಬರ್‌ನಲ್ಲಿ ದೆಹಲಿಯಿಂದ ಹೊರಟಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನ ಲಾಹೋರಿಗೆ ಹಾರಿಸಿಕೊಂಡು ಹೋದರು. ಅದಾದ ಮೇಲೆ ಪಾಂಡೆ ಸಮಿತಿ ಕೂತಿತು. 1978ರಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಹುಟ್ಟಿತು. ನಾವು ಬಿಸಿಎಎಸ್ ಅಂತೀವಲ್ಲ, ಅದೇ. ಆಗ ಅದು ಡಿಜಿಸಿಎ ಒಳಗಿನ ಒಂದು ಸಣ್ಣ ಘಟಕ. 1985ರ ಜೂನ್‌ನಲ್ಲಿ ಏರ್ ಇಂಡಿಯಾದ ಕನಿಷ್ಕ ವಿಮಾನ ಸಮುದ್ರದ ಮೇಲೆ ಸ್ಫೋಟವಾಗಿ 329 ಜನ ಸತ್ತರು. 1987ರಲ್ಲಿ ಬ್ಯೂರೋ ಸ್ವತಂತ್ರ ಇಲಾಖೆ ಆಯ್ತು. 1999ರ ಡಿಸೆಂಬರ್‌ನಲ್ಲಿ ಕಂದಹಾರ್ ಅಪಹರಣ. ಅಲ್ಲಿವರೆಗೆ ವಿಮಾನ ನಿಲ್ದಾಣಗಳನ್ನ ಆಯಾ ರಾಜ್ಯದ ಪೊಲೀಸರು ಕಾಯ್ತಿದ್ದರು. 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಮ್ಮ ಪಡೆಯ ಕೈಗೆ ಬಂದವು. ಒಂದೊಂದು ನಿಯಮದ ಹಿಂದೆಯೂ ಹೆಣಗಳಿದಾವೆ ಕಣವ್ವ.

ಹುಡುಗಿ: ನೀವು ಹೇಳಿದ ಮೂರರಲ್ಲೂ ದೊಡ್ಡ ವಿಮಾನ, ಟಿಕೆಟ್ ಕೊಂಡ ಪ್ರಯಾಣಿಕ, ಇಲ್ಲಾ ಲಗೇಜಿನಲ್ಲಿ ಬಂದ ಪೆಟ್ಟಿಗೆ. ಒಂದಾದರೂ ಸಣ್ಣ ವಿಮಾನದ ಕಡೆಯಿಂದ ಬಂದದ್ದಾ? ತೂಕದ ಲೆಕ್ಕ ನೋಡಿ. ನಾವು ಹಾರಿಸೋ ಸೆಸ್ನಾ 172, ನಾಲ್ಕು ಜನ ಕೂತು ಟ್ಯಾಂಕ್ ತುಂಬಿಸಿದರೂ ಸುಮಾರು 1,100 ಕಿಲೋ. ಇಂಧನ ಹೆಚ್ಚೆಂದರೆ 200 ಲೀಟರಿನ ಆಸುಪಾಸು. ನ್ಯೂಯಾರ್ಕಿನ ಗೋಪುರಗಳಿಗೆ ನುಗ್ಗಿದ ಬೋಯಿಂಗ್ 767 ನೂರು ಟನ್ನಿಗೂ ಮೀರಿದ್ದು. ಅದಾಗಿ ನಾಲ್ಕು ತಿಂಗಳಿಗೆ, 2002ರ ಜನವರಿಯಲ್ಲಿ, ಫ್ಲಾರಿಡಾದ ಟ್ಯಾಂಪಾದಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಇಂಥದ್ದೇ ಸೆಸ್ನಾವನ್ನ ಬೇಕಂತಲೇ ಒಂದು ಬ್ಯಾಂಕಿನ ಕಟ್ಟಡಕ್ಕೆ ಗುದ್ದಿಸಿದ. ಸತ್ತವನು ಅವನೊಬ್ಬನೇ. ಕಟ್ಟಡ ನಿಂತೇ ಇತ್ತು.

ದೊಡ್ಡಪ್ಪ: ಕಟ್ಟಡ ನಿಂತಿತ್ತು ಅಂತ ಸುಮ್ಮನಿರೋಕಾಗ್ತದಾ? ಆ ಹುಡುಗ ತರಬೇತಿ ಶಾಲೆಯ ವಿಮಾನವನ್ನೇ ಎತ್ತಿಕೊಂಡು ಹೋದ. ಗೇಟಿನೊಳಗೆ ಇದ್ದವನೇ ಅವನು. ಇನ್ನೊಂದು ಕೇಳು. 1987ರಲ್ಲಿ ಹದಿನೆಂಟು ವರ್ಷದ ಜರ್ಮನ್ ಹುಡುಗ ಬಾಡಿಗೆ ಸೆಸ್ನಾ ತಗೊಂಡು ಸೋವಿಯತ್ ಒಕ್ಕೂಟದ ವಾಯುರಕ್ಷಣೆಯನ್ನೆಲ್ಲ ದಾಟಿ ಮಾಸ್ಕೋದ ಕೆಂಪು ಚೌಕದ ಪಕ್ಕ ಇಳಿದ. ಅವನ ಕೈಯಲ್ಲಿ ಏನೂ ಇರಲಿಲ್ಲ ಅನ್ನೋದು ಅವರ ಪುಣ್ಯ. ನಮ್ಮಲ್ಲೇ 1995ರ ಡಿಸೆಂಬರ್ 17ರ ರಾತ್ರಿ ಪುರುಲಿಯಾದ ಹಳ್ಳಿಗಳ ಮೇಲೆ ಒಂದು ವಿಮಾನ ಬಂದೂಕು, ಮದ್ದುಗುಂಡು ಸುರಿದುಹೋಯಿತು. ಆಕಾಶದಲ್ಲಿ ಯಾರು ಯಾಕೆ ಹಾರ್ತಿದಾರೆ ಅಂತ ತಿಳಿಯದೆ ಇದ್ದರೆ ಹಿಂಗೇ ಆಗೋದು.

ಹುಡುಗಿ: ಪುರುಲಿಯಾ ನನ್ನ ಕಡೆಯ ಸಾಕ್ಷಿ ದೊಡ್ಡಪ್ಪ. ಆ ವಿಮಾನ ಆಂಟೊನೊವ್ 26, ಸರಕು ಸಾಗಿಸೋದು. ಕರಾಚಿಯಿಂದ ಅನುಮತಿ ಪಡೆದೇ ಬಂದು, ವಾರಾಣಸಿಯಂಥ ದೊಡ್ಡ ನಿಲ್ದಾಣದಲ್ಲಿ ಇಳಿದು, ಇಂಧನ ತುಂಬಿಸಿಕೊಂಡು ಹೊರಟದ್ದು. ಗೋಡೆ, ಗೇಟು, ಪೊಲೀಸ್ ಎಲ್ಲ ಇದ್ದವು. ಕಾಗದ ಸರಿಯಿದೆ ಅಂತ ಬಿಟ್ಟರು. ಒಳಗೆ ಯಾರಿದ್ದಾರೆ, ಏನಿದೆ ಅಂತ ನೋಡಲಿಲ್ಲ. ಸಣ್ಣ ಏರ್‌ಸ್ಟ್ರಿಪ್‌ಗೆ ಎಷ್ಟು ಎತ್ತರದ ಗೋಡೆ ಕಟ್ಟಿದ್ದರೂ ಅದು ನಿಲ್ತಿರಲಿಲ್ಲ.

ದೊಡ್ಡಪ್ಪ: ಮಂಗಳೂರು? 2020ರ ಜನವರಿ 20. ಟರ್ಮಿನಲ್ ಮುಂದೆ ಒಬ್ಬ ಬಾಂಬಿನ ಬ್ಯಾಗ್ ಇಟ್ಟುಹೋದ. ನಮ್ಮ ಹುಡುಗರ ಕಣ್ಣಿಗೆ ಬಿತ್ತು. ಕೆಂಜಾರಿನ ಬಯಲಿಗೆ ಒಯ್ದು ನಿಷ್ಕ್ರಿಯ ಮಾಡಿದರು. ಆಮೇಲೆ ಅವನಿಗೆ 20 ವರ್ಷ ಕಠಿಣ ಶಿಕ್ಷೆ ಆಯ್ತು. ಆ ದಿನ ಅನುಮಾನ ಪಡದೆ ಇದ್ದಿದ್ದರೆ?

ಹುಡುಗಿ: ಅದಕ್ಕೆ ನಿಮ್ಮವರಿಗೆ ಕೈಮುಗೀತೀನಿ. ಆದರೆ ಅವನು ಬಂದದ್ದು ಆಟೋದವರು, ಬೀಳ್ಕೊಡೋಕೆ ಬಂದವರು ಎಲ್ಲ ಓಡಾಡೋ ಕಡೆಗೆ. ಹ್ಯಾಂಗರ್ ಕಡೆಯಿಂದಲ್ಲ. ನನ್ನ ಹೆಸರು, ವಿಳಾಸ, ಬೆರಳಚ್ಚು, ಪೊಲೀಸ್ ಪರಿಶೀಲನೆ, ವೈದ್ಯಕೀಯ ವರದಿ, ಎಲ್ಲ ಸರ್ಕಾರದ ಹತ್ತಿರ ಇದೆ. ಇಲ್ಲಿಂದ ಅಲ್ಲಿಗೆ ಹಾರಬೇಕಾದರೆ ಫ್ಲೈಟ್ ಪ್ಲಾನ್ ಕೊಡಬೇಕು, ವಾಯುಪಡೆಯವರಿಂದ ಎಡಿಸಿ ನಂಬರ್, ಅಂದರೆ ವಾಯುರಕ್ಷಣೆಯ ಅನುಮತಿ, ತಗೋಬೇಕು, ಕಂಟ್ರೋಲ್ ಟವರ್ ಜೊತೆ ಮಾತಾಡ್ತಾ ಇರಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅಷ್ಟು ಗಂಟೆ ನನ್ನನ್ನ ಯಾರೋ ಒಬ್ಬರು ನೋಡ್ತಾನೇ ಇರ್ತಾರೆ. ವಿಮಾನ ನಿಲ್ದಾಣಕ್ಕೆ ಬರೋರಲ್ಲಿ ನಮ್ಮಷ್ಟು ಪರಿಚಯ ಇರೋರು ಕಡಿಮೆ. ನಮಗೇ ಅಪರಿಚಿತರ ಸಾಲು.

ದೊಡ್ಡಪ್ಪ: ನಾನು ಹಳಬ, ಒಳಗಿನ ಮಾತು ಹೇಳ್ತೀನಿ. ಗೇಟಿನಲ್ಲಿ ನಿಂತ ಕಾನ್‌ಸ್ಟೇಬಲ್‌ಗೆ ನಿನ್ನ 200 ಗಂಟೆ ಕಾಣಲ್ಲ. ಅವನ ಕೈಯಲ್ಲಿರೋದು ಒಂದು ಪಟ್ಟಿ, ಎದುರಿಗೆ ಒಂದು ಸ್ಕ್ರೂಡ್ರೈವರ್. ತಡೆದು ನಿಲ್ಲಿಸಿದರೆ ನೀನು ಬೈಕೊಂಡು ಹೋಗ್ತೀಯ, ಅಷ್ಟೇ. ಬಿಟ್ಟು ಏನಾದರೂ ಆದರೆ ಅವನ ನೌಕರಿ ಹೋಗ್ತದೆ. ಗೇಟು ತೆರೆದದ್ದಕ್ಕೆ ಇಲ್ಲಿವರೆಗೆ ಯಾರಿಗೂ ಪದಕ ಕೊಟ್ಟಿಲ್ಲ. ಅವನ ವಿವೇಚನೆಗೆ ಬಿಟ್ಟರೆ ಅವನು ಯಾವತ್ತೂ ಮುಚ್ಚೋನೇ. ನಿನಗೆ ಬಾಗಿಲು ತೆರೀಬೇಕು ಅಂದರೆ ಆ ಮಾತು ನಿಯಮದಲ್ಲೇ ಬರೀಬೇಕು.

ಹುಡುಗಿ: ನಾನು ಕೇಳ್ತಿರೋದೂ ಅದೇ. ಸಡಿಲ ಮಾಡಿ ಅಂತಿಲ್ಲ, ವಿಂಗಡಿಸಿ ಅಂತಿದೀನಿ. ಡ್ರೋನ್ ವಿಷಯದಲ್ಲಿ ನಮ್ಮ ಸರ್ಕಾರವೇ ಅದನ್ನ ಮಾಡಿದೆ. ನಿಮ್ಮ ತೋಟಕ್ಕೆ ಔಷಧಿ ಹೊಡೆಯೋಕೆ ಡ್ರೋನ್ ಬಂದಿತ್ತಲ್ಲ, ಯಾರ ಅನುಮತಿ ತಗೊಂಡಿದ್ದರು?

ದೊಡ್ಡಪ್ಪ: ಹುಡುಗರು ಮೊಬೈಲಿನಲ್ಲಿ ನಕ್ಷೆ ನೋಡಿ, ಇದು ಹಸಿರು ವಲಯ, ತೊಂದರೆ ಇಲ್ಲ ಅಂದರು.

ಹುಡುಗಿ: 2021ರ ಜೂನ್ 27ಕ್ಕೆ ಜಮ್ಮುವಿನ ವಾಯುನೆಲೆ ಮೇಲೆ ಡ್ರೋನಿನಿಂದ ಬಾಂಬ್ ಹಾಕಿದ್ದರು. ದೇಶದಲ್ಲಿ ಅಂಥದ್ದು ಅದೇ ಮೊದಲು. ಎಲ್ಲ ಡ್ರೋನ್ ನಿಲ್ಲಿಸಿಬಿಡ್ತಾರೆ ಅಂದುಕೊಂಡಿದ್ದರು ಜನ. ಎರಡೇ ತಿಂಗಳಿಗೆ, ಆಗಸ್ಟ್ 25ಕ್ಕೆ, ಹೊಸ ಡ್ರೋನ್ ನಿಯಮ ಬಂತು. ಅದು ಹಳೇದಕ್ಕಿಂತ ಹಗುರ. 25 ಫಾರಂ ಇದ್ದದ್ದು 5 ಆಯ್ತು, 72 ಬಗೆ ಶುಲ್ಕ ಇದ್ದದ್ದು 4 ಆಯ್ತು. ಬದಲಿಗೆ ಭೂಪಟವನ್ನೇ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸಿದರು. ತೂಕಕ್ಕೆ ತಕ್ಕ ಹಾಗೆ ಐದು ವರ್ಗ ಮಾಡಿದರು, 250 ಗ್ರಾಂನ ಆಟಿಕೆಯಿಂದ 150 ಕಿಲೋಗಿಂತ ದೊಡ್ಡದರವರೆಗೆ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಾಗಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗೆ ಆ ಮಿತಿ 200 ಅಡಿಗೆ ಇಳಿಯುತ್ತೆ. ಎಲ್ಲಿ ಅಪಾಯ ಹೆಚ್ಚೋ ಅಲ್ಲಿ ಬಿಗಿ, ಎಲ್ಲಿ ಕಡಿಮೆಯೋ ಅಲ್ಲಿ ಸಲೀಸು. ಹಾರಿಸೋನು ಕಣ್ಣಿಗೇ ಬೀಳದ ಯಂತ್ರಕ್ಕೆ ಇಷ್ಟು ವಿವೇಕ ತೋರಿಸಿದವರು, ಪೈಲಟ್ ಒಳಗೇ ಕೂತಿರೋ ವಿಮಾನಕ್ಕೆ ಯಾಕೆ ತೋರಿಸಬಾರದು?

ದೊಡ್ಡಪ್ಪ: ಇದು ಒಳ್ಳೆ ಮಾತು. ಆದರೆ ನಿನ್ನ ವಿಮಾನ ಒಂದೇ ವಲಯದಲ್ಲಿ ನಿಲ್ಲಲ್ಲ. ಅರ್ಧ ಗಂಟೆಯಲ್ಲಿ ಹಸಿರಿನಿಂದ ಕೆಂಪಿಗೆ ಹೋಗ್ತದೆ.

ಹುಡುಗಿ: ಅದಕ್ಕೂ ದಾರಿ ಹುಡುಕಿದವರಿದ್ದಾರೆ. ವಾಷಿಂಗ್ಟನ್ ಸುತ್ತ ಮೂರು ಸಣ್ಣ ನಿಲ್ದಾಣ ಇದ್ದವು. ಕಾಲೇಜ್ ಪಾರ್ಕ್, ಪೊಟೊಮ್ಯಾಕ್, ಹೈಡ್ ಫೀಲ್ಡ್. ಕಾಲೇಜ್ ಪಾರ್ಕ್ 1909ರದು, ನಿಲ್ಲದೆ ನಡ್ಕೊಂಡು ಬಂದಿರೋ ನಿಲ್ದಾಣಗಳಲ್ಲಿ ಜಗತ್ತಿಗೇ ಹಳೇದು. ಅಮೆರಿಕದ ಅಧ್ಯಕ್ಷರ ಮನೆಗೆ ಕೆಲವೇ ನಿಮಿಷದ ಹಾರಾಟ. 2001ರ ದಾಳಿ ಆದ ಮೇಲೆ ಮೂರನ್ನೂ ಮುಚ್ಚಿದರು. ಹಾಗೇ ಬಿಟ್ಟಿದ್ದರೂ ಯಾರೂ ಕೇಳ್ತಿರಲಿಲ್ಲ. ಆದರೆ ಮರುವರ್ಷ ತೆರೆದರು. ಮೊದಲು ಅಲ್ಲೇ ವಿಮಾನ ಇಟ್ಟಿದ್ದವರಿಗೆ, 2005ರಿಂದ ಹೊರಗಿನವರಿಗೂ. ಬೆರಳಚ್ಚು ಕೊಡಬೇಕು, ಅಪರಾಧದ ಹಿನ್ನೆಲೆ ನೋಡ್ತಾರೆ, ಆಮೇಲೆ ಗುಟ್ಟಿನ ಸಂಖ್ಯೆ ಕೊಡ್ತಾರೆ. ಪ್ರತಿ ಹಾರಾಟಕ್ಕೂ ಆ ಸಂಖ್ಯೆ ಹೇಳಿಯೇ ಫ್ಲೈಟ್ ಪ್ಲಾನ್ ಹಾಕಬೇಕು. ಅಷ್ಟು ಕೆಂಪು ಜಾಗದಲ್ಲಿ ಅದು ಸಾಧ್ಯ ಅಂದರೆ ನಮ್ಮ ಮಲೆನಾಡಿನ ಅಂಚಿನಲ್ಲಿ ಯಾಕೆ ಆಗಲ್ಲ?

ದೊಡ್ಡಪ್ಪ: ಅಲ್ಲಿ ಪೈಲಟ್‌ಗಳದ್ದೇ ದೊಡ್ಡ ಸಂಘ ಐತೆ. ಇಲ್ಲಿ ಯಾರವ್ವ ಇದಾರೆ? ಸ್ವಂತ ವಿಮಾನ ಇಟ್ಟವರು ಅಂದರೆ ದೊಡ್ಡ ಕುಳಗಳು. ನಿನಗೊಂದು ನಿಜ ಹೇಳ್ಲಾ? ಅವರು ಸಾಲಿನಲ್ಲಿ ನಿಲ್ಲಲ್ಲ. ಗೇಟಿಗೆ ಬರೋ ಮುಂಚೆ ಫೋನ್ ಬರ್ತದೆ, ಸಾಹೇಬರು ಬರ್ತಿದಾರೆ, ಬಿಡಿ ಅಂತ. ಚುನಾವಣೆ ಹೊತ್ತಿಗಂತೂ ಕೇಳಲೇಬೇಡ. ನಿಯಮ ಪೂರ್ತಿ ತಗಲೋದು ನಿಮ್ಮಂಥ ಕಲಿಯೋ ಹುಡುಗರಿಗೆ. ಇದು ನನ್ನ ಕಾಲದಲ್ಲೂ ನನಗೆ ಸರಿ ಕಂಡಿರಲಿಲ್ಲ.

ಹುಡುಗಿ: ನಾನು ಹೇಳಬೇಕು ಅಂದುಕೊಂಡಿದ್ದನ್ನ ನೀವೇ ಹೇಳಿದಿರಿ. ಬಾಗಿಲು ಮುಚ್ಚಿದರೆ ದೊಡ್ಡವರಿಗೇನೂ ಆಗಲ್ಲ. ಅವರು ಬೆಂಗಳೂರಿನ ಎಚ್‌ಎಎಲ್‌ನಿಂದ ಹಾರ್ತಾರೆ. 2008ರ ಮೇನಲ್ಲಿ ದೇವನಹಳ್ಳಿ ಶುರುವಾದ ಮೇಲೆ ಅಲ್ಲಿ ನಮ್ಮ ನಿಮ್ಮಂಥವರ ವಿಮಾನ ನಿಂತಿತು, ಚಾರ್ಟರ್ ವಿಮಾನಗಳು ನಿಲ್ಲಲಿಲ್ಲ. ಬಾಗಿಲು ಮುಚ್ಚಿದರೆ ಹೊರಗುಳಿಯೋದು ಬೆಂಗಳೂರಿನ ಜಕ್ಕೂರಿನ ಶಾಲೆ ಕಲಿಸಿದಂಥ ಮಕ್ಕಳು.

ದೊಡ್ಡಪ್ಪ: ಜಕ್ಕೂರು ಮಹಾರಾಜರ ಕಾಲದ್ದಲ್ಲವಾ?

ಹುಡುಗಿ: 1948ರದು. ಜಯಚಾಮರಾಜ ಒಡೆಯರ್ ಕಾಲದಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ. ಈಗ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕೆಳಗಿದೆ. ಸುಮಾರು 200 ಎಕರೆ, ಕಿಲೋಮೀಟರಿಗೂ ಕಡಿಮೆ ಉದ್ದದ ರನ್‌ವೇ. ಒಂದು ಕಡೆ ಯಲಹಂಕ ವಾಯುನೆಲೆ, ಇನ್ನೊಂದು ಕಡೆ ದೇವನಹಳ್ಳಿಯ ಆಕಾಶ, ರನ್‌ವೇ ತುದಿಯ ಹತ್ತಿರವೇ ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಸುತ್ತ ಅಪಾರ್ಟ್‌ಮೆಂಟು. ನಡುವೆ ಕೆಲವು ವರ್ಷ ಅಲ್ಲಿ ವಿಮಾನ ತರಬೇತಿಯೇ ನಿಂತುಹೋಗಿತ್ತು. ಅರಸೀಕೆರೆ ತಾಲ್ಲೂಕಿನ ಜಾವಗಲ್ ಹತ್ತಿರ ತೋಟ ಮಾಡ್ತಿದ್ದ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಶುರುಮಾಡಿದ್ದು ಆ ಜಕ್ಕೂರಿನಿಂದಲೇ. ಆರು ವರ್ಷ ಆದ ಮೇಲೆ ಅದೇ ಕಂಪನಿಯಿಂದ ಏರ್ ಡೆಕ್ಕನ್ ಹುಟ್ಟಿ, ಬಸ್ಸಿನಲ್ಲಿ ಓಡಾಡ್ತಿದ್ದವರನ್ನ ವಿಮಾನ ಹತ್ತಿಸಿತು. ಸಣ್ಣ ಏರ್‌ಸ್ಟ್ರಿಪ್‌ನಿಂದ ಏನು ಬರುತ್ತೆ ಅಂತ ಕೇಳೋರಿಗೆ ಇದು ಉತ್ತರ.

ದೊಡ್ಡಪ್ಪ: ಜಕ್ಕೂರಿನ ಕಷ್ಟ ಭದ್ರತೆಯದಲ್ಲವಲ್ಲ, ಜಾಗದ್ದು.

ಹುಡುಗಿ: ಜಾಗದ್ದೇ. ಅದಕ್ಕೇ ನಾವು ಬೇರೆ ನಿಲ್ದಾಣಗಳಿಗೆ ಹೋಗಬೇಕಾಗಿದೆ, ಅಲ್ಲಿ ಹೋದರೆ ಗೇಟು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಐದು ಊರಲ್ಲಿ ಒಂಬತ್ತು ತರಬೇತಿ ಶಾಲೆಗೆ ಜಾಗ ಕೊಟ್ಟಿತು. ಅದರಲ್ಲಿ ಎರಡು ಬೆಳಗಾವಿಗೆ, ಎರಡು ಕಲಬುರಗಿಗೆ. ಪ್ರಯಾಣಿಕರ ವಿಮಾನವೂ ಕಲಿಯೋರ ವಿಮಾನವೂ ಒಂದೇ ರನ್‌ವೇ ಬಳಸಬಹುದು ಅಂತ ಪ್ರಾಧಿಕಾರವೇ ಒಪ್ಪಿದ ಹಾಗಾಯ್ತು. ಇನ್ನು ನಮಗೆ ಹತ್ತಿರದ್ದು ಸೋಗಾನೆಯ ಶಿವಮೊಗ್ಗ ನಿಲ್ದಾಣ. ಅಜ್ಜಂಪುರದಿಂದ ತರೀಕೆರೆ, ಭದ್ರಾವತಿ ದಾಟಿದರೆ ಸಿಗುತ್ತೆ. 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಮೊದಲ ವಿಮಾನ ಇಳೀತು. ರನ್‌ವೇ 3.2 ಕಿಲೋಮೀಟರ್. ದಿನದ ಬಹುಪಾಲು ಹೊತ್ತು ಖಾಲಿ. ಅದನ್ನ ನಡೆಸ್ತಿರೋದು ರಾಜ್ಯ ಸರ್ಕಾರವೇ. ಒಂದು ಮೂಲೆಯಲ್ಲಿ ಬೇಲಿ ಹಾಕಿ, ನಾಲ್ಕು ಸಣ್ಣ ವಿಮಾನ ನಿಲ್ಲೋ ಜಾಗ, ಒಂದು ಗೇಟು ಕೊಟ್ಟರೆ ಈ ಕಡೆಯ ಮಕ್ಕಳು ಬೆಂಗಳೂರಿಗೆ ಹೋಗಿ ರೂಮು ಮಾಡಿಕೊಂಡು ಕಲಿಯೋದು ತಪ್ಪುತ್ತೆ. ಏರ್ ಆಂಬುಲೆನ್ಸ್‌ಗೂ ಅದೇ ಜಾಗ ಆಗುತ್ತೆ.

ದೊಡ್ಡಪ್ಪ: ಆ ಮೂಲೆಯನ್ನ ಕಾಯೋರು ಯಾರು? ಮತ್ತೆ ನಾನು ಮೊದಲು ಕೇಳಿದ ಪ್ರಶ್ನೆಗೇ ಬಂದೆವು.

ಹುಡುಗಿ: ನಮ್ಮ ಜಾತ್ರೆಗೆ ಎಷ್ಟು ಊರಿಂದ ಎತ್ತಿನ ಗಾಡಿ ಬರ್ತವೆ? ಪೊಲೀಸರು ಒಂದೊಂದು ಗಾಡಿಯನ್ನೂ ಬಿಚ್ಚಿ ನೋಡ್ತಾರಾ? ಯಾವ ಗಾಡಿ ಯಾವ ಊರಿನದು, ಎತ್ತು ಯಾರದು ಅಂತ ಪಕ್ಕದ ಗಾಡಿಯವನಿಗೆ ಗೊತ್ತು. ಗೊತ್ತಿಲ್ಲದವನು ಬಂದು ನೊಗಕ್ಕೆ ಕೈ ಹಾಕಿದರೆ ಮೊದಲು ಕೂಗೋನು ಅವನೇ. ವಿಮಾನದವರೂ ಹಾಗೇ ಇರ್ತಾರೆ. ಅಮೆರಿಕದಲ್ಲಿ ಪೈಲಟ್‌ಗಳ ಸಂಘ ಇದನ್ನೇ ನೆಚ್ಚಿಕೊಂಡು 2002ರಲ್ಲಿ ಏರ್‌ಪೋರ್ಟ್ ವಾಚ್ ಅಂತ ಶುರುಮಾಡಿತು. ಅನುಮಾನ ಬಂದರೆ ಫೋನ್ ಮಾಡೋಕೆ ಒಂದೇ ನಂಬರ್. ಹ್ಯಾಂಗರ್‌ನಲ್ಲಿ ದಿನಾ ಇರೋ ಮೆಕ್ಯಾನಿಕ್‌ಗೆ ಹೊಸಬ ಯಾರು ಅಂತ ತಿಳಿಯೋಷ್ಟು ಬೇಗ, ಕೆಲವು ವರ್ಷಕ್ಕೊಮ್ಮೆ ವರ್ಗ ಆಗಿ ಬರೋ ಕಾನ್‌ಸ್ಟೇಬಲ್‌ಗೆ ತಿಳಿಯುತ್ತಾ?

ದೊಡ್ಡಪ್ಪ: ತಿಳಿಯಲ್ಲ, ಒಪ್ತೀನಿ. ಆದರೆ ಜಾತ್ರೆಯಲ್ಲೂ ಗಾಡಿ ಓಡೋ ದಾರಿಗೆ ಜನರನ್ನ ಬಿಡಲ್ಲ, ಅದನ್ನೂ ನೆನಪಿಟ್ಟುಕೋ. ಟ್ಯಾಂಪಾದ ಹುಡುಗನ್ನ ಅವನ ಶಾಲೆಯವರೇ ನಂಬಿ ಒಬ್ಬನನ್ನೇ ವಿಮಾನದ ಹತ್ತಿರ ಬಿಟ್ಟಿದ್ದರು. ಗುರುತು ಇದ್ದ ಮಾತ್ರಕ್ಕೆ ನಂಬೋಕಾಗಲ್ಲ. ವಿಮಾನದ ಕೀಲಿ ಒಂದು ಕಡೆ ಇರಬೇಕು, ಯಾರು ಯಾವಾಗ ತಗೊಂಡರು ಅಂತ ಬರೆದಿರಬೇಕು. ರಾತ್ರಿ ಪ್ರೊಪೆಲರ್‌ಗೆ ಬೀಗ ಬೀಳಬೇಕು. ಕಲಿಯೋನು ಒಬ್ಬನೇ ಇರುವಾಗ ಇನ್ನೊಬ್ಬರ ಕಣ್ಣು ಇರಬೇಕು. ಈ ಖರ್ಚು, ಈ ಹೊಣೆ ನಿಮ್ಮವರದು. ಅದನ್ನ ಸರ್ಕಾರದ ಮೇಲೆ ಹಾಕಿ, ಬಾಗಿಲು ಮಾತ್ರ ತೆರೀರಿ ಅಂದರೆ ಆಗಲ್ಲ.

ಹುಡುಗಿ: ಆ ಷರತ್ತು ಒಪ್ಪಬಹುದು. ಹಾರೋರು ಅದನ್ನ ತಾವಾಗೇ ಮಾಡಬೇಕಿತ್ತು.

ದೊಡ್ಡಪ್ಪ: ಇನ್ನೊಂದು. ದೇಶಕ್ಕೆ ಕಷ್ಟ ಬಂದ ದಿನ ಮುಚ್ಚು ಅಂದರೆ ಮಾತಿಲ್ಲದೆ ಮುಚ್ಚಬೇಕು. 2025ರ ಮೇನಲ್ಲಿ ಪಾಕಿಸ್ತಾನದ ಜೊತೆ ಕದನ ಆದಾಗ ಉತ್ತರ, ಪಶ್ಚಿಮದ 32 ನಿಲ್ದಾಣ ಮುಚ್ಚಿದರಲ್ಲ, ಹಂಗೆ.

ಹುಡುಗಿ: ಮುಚ್ಚಿದರು, ಕದನ ನಿಂತ ಕೂಡಲೇ ಒಂದೇ ವಾರದೊಳಗೆ ತೆರೆದರು. ಅದೇ ಸರಿಯಾದ ಭದ್ರತೆ. ಅಪಾಯ ಬಂದಾಗ ಬಿಗಿ, ಹೋದಾಗ ಸಡಿಲ. ನಮಗೆ ಬೇಜಾರಾಗೋದು ಅಪಾಯ ಹೋದರೂ ಇಳಿಯದ ಬಿಗಿಗೆ. ಈಗ 1934ರ ಕಾಯ್ದೆ ಹೋಗಿ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾಯ್ದೆ ಹೊಸದಾದ ಮೇಲೆ ಅದರ ಕೆಳಗಿನ ನಿಯಮಗಳನ್ನೂ ಒಂದು ಸಲ ಕೂತು ನೋಡಬಹುದು. ಒಂದು ಅರ್ಜಿ ಬರೀತೀನಿ ದೊಡ್ಡಪ್ಪ. ಪೈಲಟ್‌ನ ಹಿನ್ನೆಲೆಯನ್ನ ಒಂದು ಸಲ ಗಟ್ಟಿಯಾಗಿ ನೋಡಿ, ರಾಜ್ಯದ ಎಲ್ಲ ಸಣ್ಣ ನಿಲ್ದಾಣಗಳಲ್ಲೂ ನಡೆಯೋ ಒಂದೇ ಪಾಸ್ ಕೊಡಿ. ಪ್ರಯಾಣಿಕರ ಅಂಗಳಕ್ಕೂ ಸಣ್ಣ ವಿಮಾನಗಳ ಅಂಗಳಕ್ಕೂ ನಡುವೆ ಬೇಲಿ ಹಾಕಿ, ಗೇಟು ಬೇರೆ ಮಾಡಿ. ವಿಮಾನದ ಜೊತೆ ಇರಲೇಬೇಕಾದ ಸಾಮಾನುಗಳ ಪಟ್ಟಿ ಮಾಡಿ ಗೇಟಿನಲ್ಲಿ ಅಂಟಿಸಿ. ಮೊದಲು ಶಿವಮೊಗ್ಗದಲ್ಲಿ ಒಂದು ವರ್ಷ ನಡೆಸಿ ನೋಡಿ. ಇಷ್ಟೇ.

ದೊಡ್ಡಪ್ಪ: ಇನ್ನೆರಡು ಸೇರಿಸು. ವರ್ಷಕ್ಕೊಮ್ಮೆ ಪಾಸ್‌ನ ಮರುಪರಿಶೀಲನೆ ಆಗಬೇಕು. ಮತ್ತೆ ಫೋನ್ ಮಾಡಿಸಿದ ಸಾಹೇಬರಿಗೂ, ಅಂತರಘಟ್ಟೆಯ ಹುಡುಗಿಗೂ ಒಂದೇ ತಪಾಸಣೆ ಇರಬೇಕು. ಇದಿಲ್ಲದಿದ್ದರೆ ಉಳಿದದ್ದೆಲ್ಲ ದಂಡ.

ಹುಡುಗಿ: ಅದನ್ನ ಮೊದಲನೇ ಸಾಲಿನಲ್ಲೇ ಹಾಕ್ತೀನಿ.

ದೊಡ್ಡಪ್ಪ: ಹಂಗಾದರೆ ಬರಿ. ಕೆಳಗೆ ನನ್ನ ಹಳೇ ಹುದ್ದೆ ಬರೆದು ನಾನೂ ಸಹಿ ಹಾಕ್ತೀನಿ. ತಪ್ಪು ಮಾಡಿದ ಪೈಲಟ್‌ನ ಪಾಸ್ ಕಿತ್ತುಕೊಳ್ಳಲಿ. ಅವನಿಗಾಗಿ ಉಳಿದವರ ಗೇಟು ಮುಚ್ಚೋದು ಬೇಡ.